ಮೊದಲ ಸಹಿ

ಫೆಬ್ರವರಿ ೬

ನಮ್ಮ ಮನೆಯ ಸಾಹೇಬರಿಗೆ,

ಫೋನ್ ಬಿಟ್ಟು ಅಕ್ಕ ಕಾಗದ ಹಿಡಿದಿದ್ದಾಳೆ ಅಂದರೆ ಏನೋ ಕಾದಿದೆ ಅಂದುಕೊಂಡಿರುತ್ತೀಯ. ಸರಿಯಾಗಿಯೇ ಅಂದುಕೊಂಡಿದ್ದೀಯ. ಫೋನಿನಲ್ಲಿ ನೀನು "ನೋಡೋಣ ಅಕ್ಕ" ಅನ್ನುತ್ತೀಯ, ನಾನು "ಸರಿ ಕಣೋ" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದದಲ್ಲಿ "ನೋಡೋಣ" ಅಂತ ಬರೆಯಲು ನಿನಗೂ ಸ್ವಲ್ಪ ನಾಚಿಕೆಯಾದೀತು. ಅಲ್ಲದೆ ವಾರ್ಡಿನಲ್ಲಿ ಮೆಲ್ಲಗೆ ಮಾತಾಡಬೇಕಂತೆ. ಗಾಡಿ ಓಡಿಸುವುದನ್ನು ಕಲಿಸುವವಳಿಗೆ ಮೆಲ್ಲಗೆ ಮಾತಾಡು ಅಂದರೆ ಹೇಗೆ? ಹದಿನೈದು ವರ್ಷದಿಂದ "ಬ್ರೇಕ್, ಬ್ರೇಕ್" ಅಂತ ಕಿರುಚಿಯೇ ಅನ್ನ ತಿಂದಿದ್ದೇನೆ.

ಮೊಂಡಿ ಹೆಸರಿಗೆ ತಕ್ಕ ಹಾಗೇ ಇದ್ದಾಳೆ. ಕೂದಲು ಹೋಗಿದೆ, ಮೊಂಡುತನ ಎಲ್ಲಿಗೂ ಹೋಗಿಲ್ಲ. ಟೋಪಿ ಬೇಡ ಅಂತಾಳೆ, ಕನ್ನಡಿ ಬೇಕು ಅಂತಾಳೆ. "ಮಾಮನಿಗೂ ಹೀಗೇ ಇದೆಯಲ್ಲಮ್ಮ, ಅವರಿಗೆ ಯಾರೂ ಟೋಪಿ ಹಾಕ್ಕೋ ಅನ್ನಲ್ವಲ್ಲ" ಅಂದಳು ನಿನ್ನೆ. ನಿನ್ನ ಬೋಳುತಲೆ ಕೊನೆಗೂ ಒಬ್ಬರ ಉಪಯೋಗಕ್ಕೆ ಬಂತು.

ನೀನು ಇಲ್ಲಿಗೆ ಬಂದು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಬಂದ ಮಕ್ಕಳಿಗೆ ಅಂತ ಒಂದು ವಾರ್ಡಿಲ್ಲ. ದೊಡ್ಡವರ ವಾರ್ಡಿನ ತುದಿಯಲ್ಲಿ ಹಸಿರು ಪರದೆ ಎಳೆದು ಎಂಟು ಮಂಚ ಹಾಕಿದ್ದಾರೆ. ದೊಡ್ಡವರ ಮಂಚಗಳೇ, ಮಕ್ಕಳು ಉರುಳಿ ಬೀಳದಿರಲಿ ಅಂತ ಪಕ್ಕದಲ್ಲಿ ಕುರ್ಚಿ ಒತ್ತಿ ಇಡುತ್ತೇವೆ. ಮಾತ್ರೆಯೂ ದೊಡ್ಡವರದೇ. ಸ್ಟೀಲ್ ತಟ್ಟೆಯ ಮೇಲಿಟ್ಟು ಬ್ಲೇಡಿನಿಂದ ನಾಲ್ಕು ಚೂರು ಮಾಡುತ್ತೇವೆ. ನನ್ನ ಕಾಲು ಭಾಗ ಒಂದು ಅಳತೆ, ಪಕ್ಕದ ಮಂಚದ ತಾಯಿಯ ಕಾಲು ಭಾಗ ಇನ್ನೊಂದು ಅಳತೆ. ಪುಡಿಯಾಗಿ ಹೋದದ್ದು ಎಷ್ಟೋ ದೇವರೇ ಬಲ್ಲ. ಕ್ಲಚ್ಚನ್ನು ಅಂದಾಜಿನಲ್ಲಿ ಬಿಡುವವನ ಗಾಡಿ ಗೋಡೆಗೆ ಹೋಗಿ ನಿಲ್ಲುತ್ತದೆ. ಇಲ್ಲಿ ನಾವು ಮಕ್ಕಳಿಗೆ ಔಷಧಿಯನ್ನೇ ಅಂದಾಜಿನಲ್ಲಿ ಕೊಡುತ್ತಿದ್ದೇವೆ.

"ಇದು ವಾಸಿಯಾಗೋ ಕಾಯಿಲೆ, ಔಷಧಿ ತಪ್ಪಿಸಬಾರದು ಅಷ್ಟೇ" ಅಂತಾರೆ ಡಾಕ್ಟರಮ್ಮ. ಆದರೆ ಮುಖ್ಯವಾದ ಇಂಜೆಕ್ಷನ್ ಹೋದ ತಿಂಗಳಿಂದ ಇಲ್ಲ. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಸರ್ಕಾರ ತರಿಸಿದರೆ ಮಾತ್ರ ಉಂಟು.

ಅದಕ್ಕೆ ನಾವೆಲ್ಲ ಸೇರಿ ನಿಮ್ಮ ಆರೋಗ್ಯ ಇಲಾಖೆಗೆ ಮನವಿ ಬರೆದಿದ್ದೇವೆ. ಇಂಜೆಕ್ಷನ್ ಎಂದೂ ಖಾಲಿಯಾಗದ ಹಾಗೆ ನೋಡಿಕೊಳ್ಳಿ, ಮಕ್ಕಳ ಅಳತೆಯ ಮಾತ್ರೆ ತರಿಸಿ, ಇಂಥ ಮಕ್ಕಳು ಒಟ್ಟು ಎಷ್ಟಿದ್ದಾರೆ ಅಂತ ಒಮ್ಮೆಯಾದರೂ ಎಣಿಸಿ ಅಂತ. ಮೊದಲ ಸಹಿ ಯಾರು ಹಾಕುವುದು ಅಂದಾಗ ಎಲ್ಲರೂ ಹಿಂದೆ ಸರಿದರು, ನಾನು ಹಾಕಿದೆ. ಎರಡನೆಯದು ಬಡಗಿಯದು, ಕ್ಯಾಪ್ಟನ್ನನ ಅಪ್ಪ. ಕ್ಯಾಪ್ಟನ್ ಅಂದರೆ ನಮ್ಮ ಎದುರು ಮಂಚದವನು, ಆರು ವರ್ಷ. ಪೇಪರಿನ ಟೋಪಿ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಎಲ್ಲ ಮಂಚಗಳನ್ನೂ ತಪಾಸಣೆ ಮಾಡುತ್ತಾನೆ. ಮೊಂಡಿ ಒಬ್ಬಳೇ ಅವನಿಗೆ ಸಲ್ಯೂಟ್ ಹೊಡೆಯುವುದಿಲ್ಲ.

ಮನವಿ ನಿನ್ನ ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮೊಂಡಿಯ ಕೈ ಹಿಡಿದರೆ ಯಾವಾಗಲೂ ಬೆಚ್ಚಗಿರುತ್ತದೆ ಕಣೋ, ನನಗೆ ಭಯವಾಗುತ್ತದೆ. ಏನಾದರೂ ಮಾಡು.

ಅಕ್ಕ


ಫೆಬ್ರವರಿ ೧೭

ಪ್ರೀತಿಯ ಅಕ್ಕ,

ನಿನ್ನ ಕಾಗದ ತಲುಪಿತು. "ನೋಡೋಣ" ಅಂತ ಬರೆಯುವುದಿಲ್ಲ, ನೋಡು.

ನಿಮ್ಮ ಮನವಿ ಸುತ್ತಾಡಿ ಸುತ್ತಾಡಿ ನನ್ನ ಮೇಜಿಗೇ ಬಂತು. ಎಲ್ಲೆಲ್ಲಿ ಸುತ್ತಿತು ಅಂತ ಕೇಳಿದರೆ ನೀನು ನಗುತ್ತೀಯೋ ಬಯ್ಯುತ್ತೀಯೋ ತಿಳಿಯದು. ಮೊದಲು ಮಕ್ಕಳ ಆರೋಗ್ಯದ ಶಾಖೆಗೆ ಹೋಗಿತ್ತು. ಅಲ್ಲಿ ಲಸಿಕೆ, ಪೌಷ್ಟಿಕ ಆಹಾರ, ಬಾಣಂತಿಯರ ವಿಷಯ. ಅವರು ನೋಡಿ, "ಇದು ಕ್ಯಾನ್ಸರ್ ಅಲ್ವೇನ್ರೀ, ಆ ಕಡೆ ಕಳಿಸಿ" ಅಂದರು. ಕ್ಯಾನ್ಸರ್ ಶಾಖೆಗೆ ಹೋಯಿತು. ಅಲ್ಲಿ ಬೀಡಿ ಸಿಗರೇಟು, ಮೂವತ್ತು ದಾಟಿದವರ ತಪಾಸಣೆ. ಅವರು ನೋಡಿ, "ಇವರು ಮಕ್ಕಳಲ್ವೇನ್ರೀ, ಆ ಕಡೆ ಕಳಿಸಿ" ಅಂದರು. ಎರಡೂ ಶಾಖೆಗಳ ನಡುವೆ ಇರುವುದು ಒಂದು ಕಾರಿಡಾರು, ಒಂದು ನೀರಿನ ಕ್ಯಾನು. ಯಾರ ಕಡೆಗೂ ಸೇರದ್ದು ಕೊನೆಗೆ ಕುಂದುಕೊರತೆ ಶಾಖೆಗೆ, ಅಂದರೆ ನನ್ನ ಹತ್ತಿರ ಬರುತ್ತದೆ.

ಇಂಥ ಮಕ್ಕಳು ಎಷ್ಟಿದ್ದಾರೆ ಅಂತ ನಾನೂ ವಿಚಾರಿಸಿದೆ. ಲೆಕ್ಕ ಇಲ್ಲ. ಲೆಕ್ಕ ಇಲ್ಲದ್ದರಿಂದ ಸಂಖ್ಯೆ ಕಡಿಮೆ ಅಂತ ಭಾವಿಸಿದ್ದಾರೆ, ಕಡಿಮೆ ಆದ್ದರಿಂದ ಲೆಕ್ಕ ಬೇಡ ಅಂತ ಬಿಟ್ಟಿದ್ದಾರೆ. ಈ ಮಾತನ್ನು ನಾನು ಹೇಳಿದೆ ಅಂತ ಎಲ್ಲೂ ಆಡಬೇಡ.

ಮನವಿಯನ್ನು ಇದ್ದ ಹಾಗೇ ಮೇಲಕ್ಕೆ ಕಳಿಸಿದರೆ ವರ್ಷ ಹಿಡಿಯುತ್ತದೆ. ನಾನೊಂದು ದಾರಿ ಹುಡುಕಿದ್ದೇನೆ. ಯಾವ ದಾರಿ ಅಂತ ಕೇಳಬೇಡ, ಬೇಗ ತಲುಪುವ ದಾರಿ. ಮೊದಲ ಸಹಿ ನನ್ನ ಅಕ್ಕನದು ಅಂತ ಇಲ್ಲಿ ಯಾರಿಗೂ ಹೇಳಿಲ್ಲ.

ನನ್ನ ತಲೆ ಸಿಕ್ಕಾಪಟ್ಟೆ ಉಪಯೋಗಕ್ಕೆ ಬರುತ್ತಿದೆ ಅಂತ ಮೊಂಡಿಗೆ ಹೇಳು. ಭಾವನಿಗೆ ನಮಸ್ಕಾರ.

ತಮ್ಮ


ಮಾರ್ಚ್ ೩

ತಮ್ಮಾ,

ಬಂತು ಕಣೋ! ನಿನ್ನೆ ಬೆಳಿಗ್ಗೆ ಐಸು ತುಂಬಿದ ಪೆಟ್ಟಿಗೆ ಬಂತು. ಸಿಸ್ಟರ್ ಪರದೆ ಸರಿಸಿ "ಬಂತು!" ಅಂದಾಗ ಎಂಟೂ ಮಂಚದವರು ಎದ್ದು ನಿಂತೆವು. ಮೊಂಡಿಗೆ ಮಧ್ಯಾಹ್ನವೇ ಕೊಟ್ಟರು. ಸೂಜಿ ಚುಚ್ಚುವಾಗ ಅವಳು ಅಳಲಿಲ್ಲ, ನಾನು ಅತ್ತೆ. ಈಗ ನನ್ನ ಬದಲು ಗಾಡಿ ಕಲಿಸುತ್ತಿರುವ ನಿನ್ನ ಭಾವ, ಪಾಠಕ್ಕೆ ಬಂದಿದ್ದ ಹುಡುಗಿಯನ್ನು ಹಾಗೇ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆ ಬಾಗಿಲಿಗೆ ಬಂದುಬಿಟ್ಟರು. ಪಾಪ, ಆ ಹುಡುಗಿ ಮೊದಲ ದಿನವೇ ಅಷ್ಟು ದೂರ ಓಡಿಸಿದ್ದಾಳೆ.

ನೀನು ಸಾಹೇಬನಾದದ್ದು ಸಾರ್ಥಕವಾಯಿತು. ಇಷ್ಟು ವರ್ಷ ನಿನ್ನನ್ನು ಆಡಿಕೊಂಡದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ. ಎಲ್ಲ ಅಲ್ಲ, ಮುಕ್ಕಾಲು.

ಪೆಟ್ಟಿಗೆಯ ಮೇಲೆ ಮೊಂಡಿಯ ಹೆಸರಷ್ಟೇ ಇತ್ತು. ಉಳಿದವು ಹಿಂದಿನ ಗಾಡಿಯಲ್ಲಿ ಬರುತ್ತಿರಬೇಕು, ಅಲ್ಲವಾ? ಸಿಸ್ಟರ್ ಒಂದೇ ಬಂದಿರುವುದು ಅನ್ನುತ್ತಾರೆ. ಹಂಚಿಕೊಳ್ಳೋಣವಾ ಅಂತ ಕೇಳಿದೆ. ಒಬ್ಬರ ಹೆಸರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಚುಚ್ಚುವ ಹಾಗಿಲ್ಲವಂತೆ. ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡು ಬಂದು, "ಆಂಟಿ, ನಂದು ಯಾವಾಗ?" ಅಂತ ವಿಚಾರಣೆ ಮಾಡಿದ. "ನಾಳೆ ಬರುತ್ತೆ ಕ್ಯಾಪ್ಟನ್" ಅಂದೆ. ಬೇಗ ಕಳಿಸಪ್ಪ, ಅವನು ಬಹಳ ಕಟ್ಟುನಿಟ್ಟಿನ ಮನುಷ್ಯ.

ಅಕ್ಕ


ಮಾರ್ಚ್ ೧೦

ಪ್ರೀತಿಯ ಅಕ್ಕ,

ಮೊಂಡಿಗೆ ಔಷಧಿ ಸಿಕ್ಕಿದ್ದು ಕೇಳಿ ನೆಮ್ಮದಿಯಾಯಿತು. ಅವಳದು ಕಂತು ಕಂತಾಗಿ ಏಪ್ರಿಲ್ ಕೊನೆಯವರೆಗೆ ಬರುತ್ತಲೇ ಇರುತ್ತದೆ, ಯೋಚಿಸಬೇಡ. ಉಳಿದವರ ವಿಷಯ ವಿಚಾರಿಸುತ್ತಿದ್ದೇನೆ. ಕಚೇರಿಯಲ್ಲಿ ಬಜೆಟ್ ಗಡಿಬಿಡಿ, ಹೆಚ್ಚು ಬರೆಯಲಾಗುತ್ತಿಲ್ಲ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ತಮ್ಮ


ಮಾರ್ಚ್ ೧೮

ತಮ್ಮಾ,

ನಿಮ್ಮ ಇಲಾಖೆಯಿಂದ ಉತ್ತರ ಬಂದಿದೆ, ನನ್ನ ಹೆಸರಿಗೆ. ಓದು: "ಸದರಿ ಮನವಿಯನ್ನು ವೈಯಕ್ತಿಕ ಪರಿಹಾರದಡಿ ಪರಿಗಣಿಸಿ, ಮೊದಲ ಅರ್ಜಿದಾರರ ಮಗುವಿಗೆ ಔಷಧಿ ಒದಗಿಸಲಾಗಿರುವುದರಿಂದ, ಕುಂದುಕೊರತೆ ನಿವಾರಣೆಯಾಗಿದೆ ಎಂದು ತಿಳಿದು ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ."

ನಿವಾರಣೆಯಾಗಿದೆಯಂತೆ. ಯಾರದ್ದು?

ಎಂಟು ಮನೆಯವರು ಸಹಿ ಹಾಕಿದ ಕಾಗದವನ್ನು ನನ್ನೊಬ್ಬಳ ಗೋಳು ಅಂತ ಓದಿದ ಆ ಮಹಾನುಭಾವ ಯಾರು? ಅವನಿಗೆ ಓದಲು ಬರುತ್ತದಾ? ಅವನ ಮನೆಯಲ್ಲಿ ಮಕ್ಕಳಿದ್ದಾರಾ? ಹುಡುಕಿ ಅವನ ಕಿವಿ ಹಿಂಡು. ನಿನ್ನ ಕೈಲಾಗದಿದ್ದರೆ ಹೇಳು, ನಾನೇ ಬರುತ್ತೇನೆ, ನಾಲ್ಕು ಜನರ ಮುಂದೆ ನೀರಿಳಿಸಿ ಬರುತ್ತೇನೆ.

ಈ ಉತ್ತರವನ್ನು ಯಾರಿಗೂ ತೋರಿಸಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಕೂತಿದ್ದೇನೆ. ಬಡಗಿ ಕೆಲಸ ಮುಗಿಸಿ ಸಂಜೆ ಬರುತ್ತಾನೆ, ಬಟ್ಟೆಯ ಮೇಲೆ ಮರದ ಹೊಟ್ಟು ಇರುತ್ತದೆ, ಬಾಗಿಲಲ್ಲೇ ನಿಂತು ಎಲ್ಲ ಒದರಿಕೊಂಡು ಒಳಗೆ ಬರುತ್ತಾನೆ. ಬಂದವನೇ, "ಅಕ್ಕಾ, ಸರ್ಕಾರದಿಂದ ಏನಾದ್ರೂ ಬಂತಾ?" ಅಂತಾನೆ. "ಇಲ್ಲಪ್ಪ" ಅಂದೆ. ಅವನೆದುರು ಸುಳ್ಳು ಹೇಳುವಾಗ ಮೊಂಡಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಬೇಗ ಉತ್ತರ ಬರೆ. ಬಜೆಟ್ಟು ಗಿಜೆಟ್ಟು ಅನ್ನಬೇಡ.

ಅಕ್ಕ


ಮಾರ್ಚ್ ೨೫

ಅಕ್ಕಾ,

ಆ ಮಹಾನುಭಾವ ನಾನೇ.

ಮೊಂಡಿಯ ಕೈ ಬೆಚ್ಚಗಿರುತ್ತದೆ, ಭಯವಾಗುತ್ತದೆ ಅಂತ ನಿನ್ನ ಮೊದಲ ಕಾಗದದ ಕೊನೆಯಲ್ಲಿ ಬರೆದದ್ದನ್ನು ಓದಿದ ಮೇಲೆ ಉಳಿದದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ನಮ್ಮಲ್ಲಿ ಬಹಳ ಜನ ಸಹಿ ಮಾಡಿದ ಮನವಿ ಬಂದರೆ ಅದು ಮೇಲಿನ ಸಭೆಗೆ ಹೋಗಬೇಕು. ವೈಯಕ್ತಿಕ ಪರಿಹಾರ ಅಂತ ನಮೂದಿಸಿದರೆ ಮೊದಲ ಸಹಿಯವರ ಕಷ್ಟವೊಂದನ್ನು ನೋಡಿ ವಾರದಲ್ಲಿ ಮುಗಿಸುತ್ತಾರೆ. ಶಾಖೆಯಲ್ಲಿ ನಾವೆಲ್ಲ ದಿನವೂ ಮಾಡುವ ಕೆಲಸ ಇದು. ಫೈಲು ಬೇಗ ಇಳಿಯುತ್ತದೆ, ಒಬ್ಬರಿಗಾದರೂ ಸಹಾಯವಾಯಿತು ಅಂತ ಸಮಾಧಾನವೂ ಇರುತ್ತದೆ. ಮೊದಲು ಮೊಂಡಿಗೆ ಸಿಗಲಿ, ಆಮೇಲೆ ಉಳಿದವರದನ್ನು ಬೇರೆ ಫೈಲಿನಲ್ಲಿ ಎತ್ತೋಣ ಅಂದುಕೊಂಡೆ. ಹಾಗೆ ಎತ್ತಲು ಬರುವುದಿಲ್ಲ ಅಂತ ಆಮೇಲೆ ತಿಳಿಯಿತು. ತಿಳಿದ ಮೇಲೂ ನಿನಗೆ ಬರೆಯಲು ಧೈರ್ಯ ಬರಲಿಲ್ಲ.

ನಿಯಮ ಹೀಗಿದೆ. ಒಂದು ಆಸ್ಪತ್ರೆಯಿಂದ ಒಂದು ವಿಷಯಕ್ಕೆ ಒಂದೇ ಪ್ರಕರಣ. ಕೊಟ್ಟ ಪರಿಹಾರ ಚಾಲ್ತಿಯಲ್ಲಿರುವವರೆಗೆ ಅದೇ ವಿಷಯದ ಮನವಿ ತೆಗೆದುಕೊಳ್ಳುವುದಿಲ್ಲ. ಆ ಪರಿಹಾರ ಪೂರ್ತಿ ಮುಗಿಯಬೇಕು, ಇಲ್ಲವೇ ರದ್ದಾಗಬೇಕು. ನಾನು ತಪ್ಪಾಗಿ ನಮೂದಿಸಿದೆ ಅಂತ ಬರೆದುಕೊಟ್ಟರೆ ನಾಳೆಯೇ ರದ್ದಾಗುತ್ತದೆ, ಎಲ್ಲರ ಮನವಿ ಮತ್ತೆ ತೆರೆಯುತ್ತದೆ. ಆದರೆ ಮೊಂಡಿಗೆ ಬರಬೇಕಾದ ಕಂತುಗಳು ಅಲ್ಲಿಗೇ ನಿಲ್ಲುತ್ತವೆ. ತೆರೆದ ಮನವಿ ಸಭೆಗೆ ಹೋಗಿ ಔಷಧಿಯಾಗಿ ಬರಲು ಎಷ್ಟು ದಿನವೋ ಹೇಳಲಾರೆ.

ಬರೆದುಕೊಡುವ ಕಾಗದ ಸಿದ್ಧವಿದೆ. ಕಳಿಸಲಾ ಬೇಡವಾ, ನೀನು ಹೇಳು. ನನ್ನ ಕೈಲಿ ಆಗುತ್ತಿಲ್ಲ.

ತಮ್ಮ


ಏಪ್ರಿಲ್ ೧೪

ಕುಂದುಕೊರತೆ ಶಾಖೆಯ ಅಧಿಕಾರಿಗಳಿಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ಅಕ್ಷರವಾದರೂ ಮುದ್ದಾಗಿರಲಿ ಅಂತ ಕಾದೆ.

ಕಾಗದ ಕಳಿಸಲಾ ಬೇಡವಾ ಅಂತ ಒಬ್ಬ ತಾಯಿಯನ್ನು ಕೇಳಿದ್ದೀಯ. ಇದು ಕೇಳುವ ಮಾತಾ? ನೀನು ತಪ್ಪು ಮಾಡಿದ್ದು ನನಗೆ ಅಷ್ಟು ಉರಿಯಲಿಲ್ಲ. ಆ ತಪ್ಪನ್ನು ಸರಿಮಾಡುವ ಭಾರವನ್ನು ಕಾಗದದಲ್ಲಿ ಮಡಚಿ ನನ್ನ ಮಡಿಲಿಗೆ ಹಾಕಿದೆಯಲ್ಲ, ಅದು ಉರಿಯಿತು. ನಿನಗೆ ಹೋಮ್‌ವರ್ಕ್ ಆಗದಿದ್ದಾಗಲೂ ಹೀಗೇ ಮಾಡುತ್ತಿದ್ದೆ.

ಮುಚ್ಚಿಟ್ಟುಕೊಂಡು ಇರಲಾಗಲಿಲ್ಲ. ಬಡಗಿ ಪ್ರತಿ ಸಂಜೆ ಕೇಳುತ್ತಿದ್ದ. ಒಂದು ದಿನ ತಟ್ಟೆ ತೊಳೆಯುವ ಸಿಂಕಿನ ಹತ್ತಿರ ಎಲ್ಲರನ್ನೂ ಕರೆದು ನಿನ್ನ ಕಾಗದವನ್ನು ಇದ್ದ ಹಾಗೆ ಓದಿದೆ. ನಿನ್ನ ಮರ್ಯಾದೆ ಉಳಿಸಲು ಹೋಗಲಿಲ್ಲ. ಮೂಲೆ ಮಂಚದ ಮಗುವಿನ ಅಜ್ಜಿ, "ನಿಮ್ಮದು ದೊಡ್ಡ ಮನೆ ಬಿಡಿ ಅಮ್ಮಾ" ಅಂದು ಅತ್ತ ತಿರುಗಿದರು. ಅಲ್ಲಿಯವರೆಗೆ ನನ್ನನ್ನು "ನೀನು" ಅನ್ನುತ್ತಿದ್ದವರು ಅವರು. ನಲ್ಲಿ ಸುರಿಯುತ್ತಲೇ ಇತ್ತು, ಬಡಗಿ ಹೋಗಿ ನಿಲ್ಲಿಸಿದ.

ಆಮೇಲೆ ಅವನೇ ಅಂದ: "ಮುಗಿಸಿಬಿಡಿ ಅಕ್ಕಾ. ಅರ್ಧಕ್ಕೆ ನಿಲ್ಲಿಸಿದ್ರೆ ಅದಕ್ಕೂ ಇಲ್ಲ, ಇದಕ್ಕೂ ಇಲ್ಲ. ಒಂದು ಮಗುದಾದ್ರೂ ಪೂರ್ತಿ ಆಗ್ಲಿ. ನಮ್ಮವರು ಅಷ್ಟು ದಿನ ತಡ್ಕೋತಾರೆ." ಅವನ ಹೆಂಡತಿ ಅವನ ಮುಖ ನೋಡಿದಳು. ಉಳಿದವರು ಹ್ಞೂಂ ಅಂದರು. ಅಜ್ಜಿಯೂ ಕೊನೆಗೆ ಹ್ಞೂಂ ಅಂದರು.

ನಾನು ಬೇಡ ಅನ್ನಲಿಲ್ಲ ಕಣೋ. ಬಾಯಿಮಾತಿಗೂ ಒಂದು ಸಲ ಬೇಡ ಅನ್ನಲಿಲ್ಲ. ಎಲ್ಲಿ ಅವನು ಮನಸ್ಸು ಬದಲಾಯಿಸುತ್ತಾನೋ ಅಂತ ಬೇಗ ಬೇಗ ತಟ್ಟೆ ಎತ್ತಿಕೊಂಡು ಮಂಚಕ್ಕೆ ಬಂದುಬಿಟ್ಟೆ.

ನಿನ್ನ ಕಾಗದ ಕಳಿಸಬೇಡ.

ಅಕ್ಕ


ಏಪ್ರಿಲ್ ೨೨

ಅಕ್ಕಾ,

ಬೈದದ್ದೆಲ್ಲ ಸರಿ. ಇನ್ನೂ ಇದ್ದರೆ ಬಯ್ಯಿ, ಮಾತು ಬಿಡಬೇಡ.

ಮೊದಲ ಸಹಿ ನನ್ನ ಅಕ್ಕನದು ಅಂತ ಮೇಲಿನವರಿಗೆ ಹೋಗಿ ಹೇಳಿದೆ. ರದ್ದು ಮಾಡಿ ಅಂತ ಅಲ್ಲ, ತಿಳಿದಿರಲಿ ಅಂತ. ನನ್ನನ್ನು ಆ ಮೇಜಿನಿಂದ ಎತ್ತಿ ವಾಹನ ಶಾಖೆಗೆ ಹಾಕಿದ್ದಾರೆ. ನೀನು ಜನರಿಗೆ ಗಾಡಿ ಕಲಿಸುತ್ತೀಯ, ನಾನು ಇಲಾಖೆಯ ಕೆಟ್ಟ ಗಾಡಿಗಳನ್ನು ನೋಡಿಕೊಳ್ಳುತ್ತೇನೆ. ಇಬ್ಬರೂ ಒಂದೇ ಕಸುಬಿಗೆ ಬಂದೆವು.

ಹೋಗುವ ಮುಂಚೆ ಎರಡೂ ಶಾಖೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದೆ. ನಿಮ್ಮ ಬ್ಲೇಡು, ತಟ್ಟೆ, ಪುಡಿಯಾದ ಮಾತ್ರೆ ಎಲ್ಲ ಹೇಳಿದೆ. ಮಕ್ಕಳ ಶಾಖೆಯ ಮೇಡಂ ಅದನ್ನೆಲ್ಲ ಬರೆದುಕೊಂಡರು. ಆಮೇಲೆ, "ಎಲ್ಲರ ಮನವಿ ಅಂತಲೇ ಸಭೆಗೆ ಬಂದ್ರೆ ನಾನು ಮಾತಾಡ್ತೀನಿ. ಬರೋ ಹಾಗೆ ನೋಡ್ಕೊಳ್ಳಿ" ಅಂದರು. ಸಭೆ ಜೂನ್ ಮೊದಲ ವಾರ. ಮೊಂಡಿಯ ಕೊನೆಯ ಕಂತು ಮುಗಿದ ಕೂಡಲೇ ಹೊಸ ಮನವಿ ಕಳಿಸಿ.

ಒಂದು ವಿಷಯದಲ್ಲಿ ಎಚ್ಚರ. ನನ್ನ ಜಾಗಕ್ಕೆ ಬಂದವನು ಒಳ್ಳೆಯವನೇ, ಕೆಲಸ ಮಾಡುವ ರೀತಿ ಮಾತ್ರ ನನ್ನದೇ. ಅವನಿಗೆ ಎಷ್ಟು ಹೇಳಿದರೂ, ಮೇಜಿನ ಮೇಲೆ ಫೈಲು ಬೆಳೆದಾಗ ಕೈ ತಾನಾಗಿ ಮೊದಲ ಸಹಿಯ ಕಡೆಗೆ ಹೋಗುತ್ತದೆ. ಆ ಒಂದು ಮನೆಗೆ ಔಷಧಿ ಕಳಿಸಿ ಮುಕ್ತಾಯ ಅಂತ ಬರೆದುಬಿಡುತ್ತಾನೆ. ಇದಕ್ಕೆ ಏನು ಮಾಡುವುದು ಅಂತ ನನಗೂ ಹೊಳೆಯುತ್ತಿಲ್ಲ.

ಕ್ಯಾಪ್ಟನ್ ಹೇಗಿದ್ದಾನೆ? ಹೋದ ಕಾಗದದಲ್ಲಿ ಅವನ ಬಗ್ಗೆ ನೀನು ಒಂದು ಮಾತೂ ಬರೆದಿರಲಿಲ್ಲ.

ತಮ್ಮ


ಮೇ ೧೧

ತಮ್ಮಾ,

ಮೊಂಡಿಯ ಕೊನೆಯ ಕಂತು ಮುಗಿಯಿತು. ರಕ್ತ ಚೆನ್ನಾಗಿದೆ ಅಂತ ಡಾಕ್ಟರಮ್ಮ ಹೇಳಿದರು. ಮುಂದೆ ಮಾತ್ರೆಯ ಕೋರ್ಸು, ಬ್ಲೇಡಿನ ಕೆಲಸ ಇನ್ನೂ ಇದೆ. ಅವಳ ತಲೆ ಮುಟ್ಟಿದರೆ ಸಣ್ಣಗೆ ಚುಚ್ಚುತ್ತದೆ, ಕೂದಲು ಬರುತ್ತಿದೆ.

ಕ್ಯಾಪ್ಟನ್ ಹೋದ. ಏಪ್ರಿಲ್ ಕೊನೆಯಲ್ಲಿ. ನಾನು ಹಿಂದಿನ ಕಾಗದ ಬರೆಯುವಾಗಲೇ ಅವನು ತಪಾಸಣೆಗೆ ಬರುವುದನ್ನು ನಿಲ್ಲಿಸಿದ್ದ. ಬರೆದರೆ ನಿಜವಾಗುತ್ತದೆ ಅಂತ ಬರೆಯಲಿಲ್ಲ. ಇದ್ದ ಔಷಧಿಯಲ್ಲಿ ಏನೇನು ಕೊಡಬಹುದೋ ಎಲ್ಲ ಕೊಟ್ಟರು. ಜ್ವರ ಬಂತು, ಇಳಿಯಲಿಲ್ಲ. ಬಡಗಿ ಡಾಕ್ಟರಮ್ಮನನ್ನು ನೇರವಾಗಿ ಕೇಳಿದ: "ಆ ಇಂಜೆಕ್ಷನ್ ಇದ್ದಿದ್ರೆ ಉಳೀತಿದ್ನಾ?" ಅವರು, "ಉಳೀಬಹುದಿತ್ತು. ಉಳೀದೆಯೂ ಇರಬಹುದಿತ್ತು. ನನಗೆ ಗೊತ್ತಿಲ್ಲಪ್ಪ" ಅಂದರು. ಹಾಗೆ ಹೇಳಿ ಅವರು ಅಲ್ಲಿಂದ ಎದ್ದು ಹೋಗಲಿಲ್ಲ, ಅವನ ಪಕ್ಕದಲ್ಲೇ ಕೂತರು. ಮೊಂಡಿ ಈಗ ದಿನವೂ ಎದ್ದ ಕೂಡಲೇ ಖಾಲಿ ಮಂಚದ ಕಡೆ ತಿರುಗಿ ಮಲಗುತ್ತಾಳೆ. ಏನೂ ಕೇಳುವುದಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಬಡಗಿಯ ಹೆಂಡತಿಗೆ ನಾನು ಮುಖ ತೋರಿಸಲಾರೆ. ನಿನ್ನನ್ನು ಬಯ್ಯುವ ಹಕ್ಕೂ ನನಗೆ ಉಳಿದಿಲ್ಲ. ಆ ದಿನ ಸಿಂಕಿನ ಹತ್ತಿರ ಬೇಡ ಅಂದಿದ್ದರೂ ಕ್ಯಾಪ್ಟನ್ನನಿಗೆ ಔಷಧಿ ಸಮಯಕ್ಕೆ ಬರುತ್ತಿತ್ತೋ ಇಲ್ಲವೋ, ಅದು ನನಗೆ ಗೊತ್ತು. ಬರುತ್ತಿರಲಿಲ್ಲ. ಆದರೂ ಅನ್ನಬೇಕಿತ್ತು.

ಮೊನ್ನೆ ಹೊಸ ಮನವಿ ಬರೆಯಲು ಕೂತೆವು. ನೀನು ಎಚ್ಚರಿಸಿದ್ದನ್ನು ಎಲ್ಲರಿಗೂ ಓದಿ ಹೇಳಿದೆ. ಮೊದಲ ಸಹಿ ಯಾರದು ಅಂತ ಮತ್ತೆ ಅದೇ ಪ್ರಶ್ನೆ. ಈ ಸಲ ಹಿಂದೆ ಸರಿದದ್ದು ಹೆದರಿಕೆಯಿಂದಲ್ಲ. ಮೊದಲು ಹಾಕಿದವರ ಮಗುವಿಗೆ ಔಷಧಿ ಬಂದುಬಿಡುತ್ತದೆ ಅಂತ ಎಲ್ಲರಿಗೂ ಗೊತ್ತು. ಎಲ್ಲರಿಗೂ ಆಸೆಯಿತ್ತು, ಆ ಆಸೆಗೆ ಎಲ್ಲರಿಗೂ ನಾಚಿಕೆಯಿತ್ತು. ಪೆನ್ನು ಹಾಸಿಗೆಯ ಮೇಲೇ ಬಿದ್ದಿತ್ತು.

ಅಷ್ಟರಲ್ಲಿ ಬಡಗಿ ಬಂದ. ಮಗನ ಬಟ್ಟೆಯ ಚೀಲ ಇಲ್ಲೇ ಉಳಿದಿತ್ತು, ತೆಗೆದುಕೊಂಡು ಹೋಗಲು ಬಂದದ್ದು. ಬಟ್ಟೆಯ ಮೇಲೆ ಹೊಟ್ಟು ಇರಲಿಲ್ಲ, ಕೆಲಸಕ್ಕೆ ಹೋಗುತ್ತಿಲ್ಲ ಅನಿಸುತ್ತದೆ. ಏನು ಬರೀತಿದ್ದೀರಿ ಅಂತ ಕೇಳಿದ. ಹೇಳಿದೆವು. ಪೂರ್ತಿ ಓದಿಸಿಕೊಂಡು, ಚೀಲ ಕೆಳಗಿಟ್ಟು, ಪೆನ್ನು ಎತ್ತಿಕೊಂಡ.

"ನಂದು ಮೊದಲು ಹಾಕ್ತೀನಿ ಅಕ್ಕಾ" ಅಂದ. "ನನಗೆ ಕೊಟ್ಟು ಮುಗಿಸೋಕೆ ಅವರ ಹತ್ರ ಏನೂ ಇಲ್ಲವಲ್ಲ."

ಅವನ ಕೆಳಗೆ ಅಜ್ಜಿ ಹಾಕಿದರು, ಆಮೇಲೆ ಉಳಿದವರು, ಕೊನೆಗೆ ನಾನು. ಬೆಳಿಗ್ಗೆ ಅಂಚೆಗೆ ಹಾಕಿದ್ದೇನೆ.

ಅಕ್ಕ